ಇರಲಿ ಬಿಡ್ರಿ ಅಂದದ್ದು ಚಹಾಕ್ಕೆ

ಮೊನ್ನೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಗಂಡನ ಮನೆಯಲ್ಲಿ, ನಮ್ಮ ಓಣಿಯ ಹುಡುಗಿಯ ಕುಬಸ ಇತ್ತು. ಬಸುರಿಗೆ ಉಡಿ ತುಂಬಿ, ಆರತಿ ಎತ್ತಿ, ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ಒಳಗಿನಿಂದ ಯಾಲಕ್ಕಿ ಹಾಕಿದ ಚಹಾದ ವಾಸನೆ ಬಂತು, ಅದರ ಹಿಂದೆಯೇ ಟ್ರೇ ಹಿಡಿದು ಮನೆಯಾಕೆ ಬಂದಳು. ನನಗೆ ಬೇಡವಾಗಿತ್ತು. ಬೇಡವಾದಾಗ ನಾವು ಧಾರವಾಡದವರು ಏನನ್ನುತ್ತೇವೆ, ನಿಮಗೆ ಗೊತ್ತಲ್ಲ? ‘ಇರಲಿ ಬಿಡ್ರಿ.’ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅದನ್ನು ನುಂಗಿಕೊಂಡು ‘ಬ್ಯಾಡ’ ಎಂದೆ. ಆಕೆಯ ಮುಖ ಸಣ್ಣದಾಯಿತು. ಪಾಪ, ಆಕೆಯದೇನೂ ತಪ್ಪಿಲ್ಲ. ನನ್ನ ಸಿಟ್ಟೆಲ್ಲ ಆ ಮಾತಿನ ಮೇಲೆ.

ಬಸ್ಸಿನಲ್ಲಿ ಯಾರೋ ಕಾಲು ತುಳಿದರೂ ಇರಲಿ ಬಿಡ್ರಿ. ಒಯ್ದ ಕೊಡೆಯನ್ನು ಮುರಿದು ತಂದುಕೊಟ್ಟರೂ ಇರಲಿ ಬಿಡ್ರಿ. ನಾನು ವಿದ್ಯಾನಗರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ನಮ್ಮ ಕಡೆ ಬೈಯುವಾಗಲೂ ‘ರಿ’ ಹಚ್ಚಿ ಬೈಯುತ್ತೇವೆ ಎಂದು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. ಆ ಹೆಮ್ಮೆಯನ್ನು ಒಂದು ಪೊಲೀಸ್ ಠಾಣೆಯಲ್ಲಿ ಕಳೆದುಕೊಂಡು ಬಂದಿದ್ದೇನೆ.

ನೌಕರಿಯುದ್ದಕ್ಕೂ ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಜೋತುಬಿದ್ದವಳಿಗೆ, ನಿವೃತ್ತಿಯಾದ ಮೇಲೆ ಕಾರು ಕಲಿಯುವ ಹುಚ್ಚು ಹತ್ತಿತು. ಕಲಿಸುವವನು ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತಿದ್ದ. ಆದರೂ ಕಲಿತೆ. ಮುಂಜಾನೆ ಒಬ್ಬಳೇ ಕೆಲಗೇರಿ ಕೆರೆಗೆ ಹೋಗಿ, ದಂಡೆಯ ಮೇಲೆ ಅಡ್ಡಾಡಿ ಬರುತ್ತಿದ್ದೆ. ಯಾರ ಅಪ್ಪಣೆಯೂ ಇಲ್ಲದೆ ಒಂದು ಕಡೆ ಹೋಗಿಬರುವ ಸುಖ ನನಗೆ ಸಿಕ್ಕಿದ್ದೇ ಆಗ.

ಎರಡು ವರ್ಷದ ಹಿಂದೆ ಹಾಗೆ ಬರುವಾಗ ಎಮ್ಮೆಗಳು ರಸ್ತೆ ದಾಟುತ್ತಿದ್ದವು. ಕಾರು ನಿಲ್ಲಿಸಿಕೊಂಡು ಕೂತಿದ್ದೆ. ನಮ್ಮ ಓಣಿಯ ಕಾಂಟ್ರಾಕ್ಟರ್ ಶಂಕ್ರಣ್ಣನ ಮಗ ಕಿವಿಗೆ ಫೋನು ಹಚ್ಚಿಕೊಂಡು ಎದುರಿನಿಂದ ಬಂದು ನನ್ನ ಕಾರಿನ ಮೂತಿಗೆ ಗುದ್ದಿದ. ಯಾರಿಗೂ ಪೆಟ್ಟಾಗಲಿಲ್ಲ. ದೀಪ ಒಡೆಯಿತು, ಬಂಪರ್ ಜೋತುಬಿತ್ತು, ಎಮ್ಮೆಗಳು ತಿರುಗಿಯೂ ನೋಡಲಿಲ್ಲ. ಠಾಣೆಯಲ್ಲಿ ನಾನು ಹೇಳಿದ್ದನ್ನೆಲ್ಲ ಹವಾಲ್ದಾರ ಬರೆದುಕೊಂಡ, ಸಹಿ ಮಾಡಿದೆ. ಅಷ್ಟರಲ್ಲಿ ಶಂಕ್ರಣ್ಣನೂ ಬಂದು ಪಕ್ಕದಲ್ಲಿ ಕೂತಿದ್ದ. ಹೊರಡುವಾಗ ಹವಾಲ್ದಾರ, “ಚಹಾ ತರಸ್ತೇನಿ, ಕುಂದರ್ರಿ ಅಕ್ಕಾರ” ಎಂದ. “ಇರಲಿ ಬಿಡ್ರಿ” ಎಂದು ಎದ್ದು ಬಂದೆ.

ವಾರ ಕಳೆಯುವುದರೊಳಗೆ ಓಣಿಯಲ್ಲಿ ಕತೆ ತಿರುಗಿತ್ತು. ಅಕ್ಕಾರೇ ಹೋಗಿ ಗುದ್ದಿದರಂತೆ. ಬ್ರೇಕ್ ಅಂದುಕೊಂಡು ಎಕ್ಸಿಲೇಟರ್ ಒತ್ತಿದರಂತೆ. ನಮ್ಮ ಯಜಮಾನರು ಕಾರಿನ ಕೀಲಿಯನ್ನು ತಮ್ಮ ಕೋಟಿನ ಕಿಸೆಗೆ ಹಾಕಿಕೊಂಡರು.

“ಈ ವಯಸ್ಸಿನ್ಯಾಗ ಯಾಕ ಬೇಕ ಇದೆಲ್ಲಾ? ಆಟೋ ಅದಾವಲ್ಲ.”

“ನಾ ನಿಂತಿದ್ದೆ. ರಿಪೋರ್ಟಿನ್ಯಾಗ ಐತಿ.”

“ಹಂಗಾರ ತಂದು ತೋರ್ಸು. ಕೀಲಿ ಕೊಡ್ತೇನಿ.”

ತರಲು ಹೋದೆ. ಹೋದಾಗಲೆಲ್ಲ ಕುರ್ಚಿ ಹಾಕಿದರು, ಫ್ಯಾನು ಹಚ್ಚಿದರು, ನೀರು ಕೊಟ್ಟರು. “ರಿಪೋರ್ಟ್ ಒಂದ ಸಿಗವಲ್ತು ನೋಡ್ರಿ. ಹುಡುಕಾಕತ್ತೇವಿ. ನಾಳೆ ಬರ್ರಲ್ಲ.” ಒರಟಾಗಿ ಮಾತಾಡಿದ್ದರೆ ಜಗಳ ತೆಗೆಯಬಹುದಿತ್ತು. ಇಷ್ಟು ಮೆತ್ತಗೆ ಮಾತಾಡುವವರ ಜೊತೆ ಏನೆಂದು ಜಗಳಾಡುವುದು? ನನ್ನ ನಾಳೆಗಳೆಲ್ಲ ಆ ಕುರ್ಚಿಯ ಮೇಲೆಯೇ ಕಳೆದವು. ಕಡೆಗೊಂದು ದಿನ, ಕ್ಲಾಸಿನಲ್ಲಿ ಕೂಗುತ್ತಿದ್ದ ದನಿಯಲ್ಲಿ ಕೂಗಿದೆ. ಬರೆದುಕೊಂಡ ಆ ಹವಾಲ್ದಾರ ನಿಜಕ್ಕೂ ಬೆರಗಾಗಿ ನನ್ನನ್ನು ನೋಡಿದ.

“ಅಕ್ಕಾರ, ಅವತ್ತ ನೀವ ಅಂದ್ರೆಲ್ಲ, ಇರಲಿ ಬಿಡ್ರಿ ಅಂತ. ರಾಜಿ ಆತು ಅಂತ ಶಂಕ್ರಣ್ಣಾರೂ ಅಂದ್ರು. ರಾಜಿ ಆದ ಮ್ಯಾಲ ಅದನ್ನ ಯಾಕ ಇಡೂದು?”

“ನಾ ಅಂದದ್ದು ಚಹಾಕ್ಕ.”

“ಚಹಾಕ್ಕ?”

“ಚಹಾಕ್ಕ.”

ಅವನು ನನ್ನನ್ನು ಸಮಾಧಾನಪಡಿಸಲು ಒಬ್ಬನನ್ನು ಕರೆದು ಚಹಾ ತರಲು ಹೇಳಿದ.

ಆವತ್ತಿನ ಸಿಟ್ಟು ಈಗಲೂ ಇಳಿದಿಲ್ಲ. ಸುಳ್ಳು ಹೇಳಿದ ಶಂಕ್ರಣ್ಣನ ಮೇಲೆ, ಕೇಳಿ ತಿಳಿದುಕೊಳ್ಳುವ ಗೋಜಿಗೇ ಹೋಗದ ಹವಾಲ್ದಾರನ ಮೇಲೆ, ಸಹಿ ಮಾಡಿದ ನನ್ನ ಮಾತಿಗಿಂತ ಬಾಯಿತಪ್ಪಿ ಬಂದ ಸೌಜನ್ಯ ದೊಡ್ಡದಾಯಿತಲ್ಲ ಎಂಬುದರ ಮೇಲೆ. ಅವತ್ತು ಅದೇ ಸಿಟ್ಟಿನಲ್ಲಿ ಮನೆಗೆ ಬಂದೆ. ಯಜಮಾನರು ಪೇಪರಿನಿಂದ ತಲೆ ಎತ್ತಿ, “ಸಿಗಲಿಲ್ಲಾ? ಇರಲಿ ಬಿಡು” ಎಂದರು. ಸೀದಾ ಗೂಟದ ಹತ್ತಿರ ಹೋಗಿ ಕೋಟಿನ ಕಿಸೆಗೆ ಕೈಹಾಕಿ ಕೀಲಿ ತೆಗೆದುಕೊಂಡೆ.

“ನಾ ನಿಂತಿದ್ದೆ ಅಂತ ನಾನ ಹೇಳಾಕತ್ತೇನಿ. ನಿಮಗ ಸಾಲಂಗಿಲ್ಲೇನು?”

ಅವರು ಪೇಪರು ಮಡಚಿಟ್ಟರು. ಮರುದಿನ ಮುಂಜಾನೆ ಕೆರೆಗೆ ಹೋದೆ. ಮನೆಯ ಮಟ್ಟಿಗೆ ಅದು ಮುಗಿಯಿತು. ಓಣಿಯಲ್ಲಿ ಮುಗಿಯಲಿಲ್ಲ. ನನ್ನ ಕಾರು ತಿರುವಿನಲ್ಲಿ ಕಂಡರೆ ಎದುರುಮನೆಯ ಗಿರಿಜಾ ನಗುನಗುತ್ತಲೇ ಮಗಳನ್ನು ಕಟ್ಟೆಯ ಮೇಲೆ ಎತ್ತಿ ಕೂರಿಸುತ್ತಾಳೆ. ತಮಾಷೆಯಂತೆ. ಎರಡು ವರ್ಷದಿಂದ ಆ ತಮಾಷೆ ನನ್ನ ಎದೆಗೆ ಚುಚ್ಚುತ್ತಿದೆ.

ಮೊನ್ನೆ ಕುಬಸದಲ್ಲಿ ನಾನು ‘ಬ್ಯಾಡ’ ಎಂದದ್ದು ಶಂಕ್ರಣ್ಣನ ಕಿವಿಗೂ ಬಿತ್ತು. ಅವನು ಎಲ್ಲರಿಗೂ ಕೇಳುವಂತೆ ನಕ್ಕ.

“ಅಕ್ಕಾರ, ಇನ್ನೂ ಸಿಟ್ಟ ಐತೇನ್ರಿ? ಹಳೇದೆಲ್ಲಾ ಇರಲಿ ಬಿಡ್ರಿ.”

“ಐತ್ರಿ,” ಎಂದೆ. ದನಿ ಏರಿಸಲಿಲ್ಲ. “ಅವತ್ತ ಎಮ್ಮಿ ದಾಟಾಕತ್ತಿದ್ವು. ನಾ ಗಾಡಿ ನಿಂದರ್ಸಿಕೊಂಡು ಕುಂತಿದ್ದೆ. ನಿಮ್ಮ ಮಗಾ ಫೋನಿನ್ಯಾಗ ಮಾತಾಡಕೋತ ಬಂದು ಹೊಡದಾ. ಕಳದುಹೋದ ರಿಪೋರ್ಟಿನ್ಯಾಗ ಇಷ್ಟ ಇತ್ತು. ಈಗ ಎಲ್ಲಾರೂ ಕೇಳಿದ್ರಿ.”

ಶಂಕ್ರಣ್ಣ ಏನೋ ಹೇಳಲು ಬಾಯಿ ತೆರೆದ, ಹೇಳಲಿ ಎಂದು ಕಾಯ್ದೆ. ಕಡೆಗೆ ಅವನ ಬಾಯಿಂದ ಬಂದದ್ದು, “ಚಹಾ ತಗೊಳ್ರಿ ಅಕ್ಕಾರ.”

“ಬ್ಯಾಡ ಅಂದೇನಿ” ಎಂದು ಕೀಲಿ ತೆಗೆದುಕೊಂಡು ಎದ್ದೆ.

ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಗಿರಿಜಾಳ ದನಿ ಕೇಳಿತು. “ತಡೀರಿ ಅಕ್ಕಾರ, ನಿಮ್ಮ ಗಾಡಿಯಾಗ ನಾವೂ ಬರ್ತೇವಿ.” ಮಗಳ ಕೈ ಹಿಡಿದು ನಿಂತಿದ್ದಳು. ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದು ಅವಳ ಮೇಲೂ ಸಿಟ್ಟು ಬಂತು. ಆದರೂ ಹೋಗಿ ಕಾರಿನ ಹಿಂದಿನ ಬಾಗಿಲು ತೆರೆದೆ.