ಒಂದೇ ಹೆಸರಿನ ಎರಡು ಸೀಸೆಗಳು

ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಆಕೆಯನ್ನು ಎಲ್ಲರೂ ಸೀಸೆಯಕ್ಕ ಎಂದೇ ಕರೆಯುತ್ತಿದ್ದರು. ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದವಳು. ಸೇರಿದ ವಾರವೇ ದಾಸ್ತಾನು ಕೋಣೆಗೆ ಸುಣ್ಣ ಬಳಿಸಿ, ಕೆಳಗಿಳಿಸಿದ್ದ ಸೀಸೆಗಳನ್ನು ಮತ್ತೆ ಜೋಡಿಸಲು ಆಕೆಗೆ ಹೇಳಿದರು. ಚೀಟಿಗಳ ಮೇಲಿನ ಸಂಕೇತಗಳು ಆಕೆಗೆ ಅರ್ಥವಾಗಲಿಲ್ಲ. ಬಿಳಿ ಪುಡಿಗಳನ್ನು ಎಡಗಡೆಗೆ, ಬಣ್ಣದವನ್ನು ಬಲಗಡೆಗೆ ಇಟ್ಟು ಕೈ ತೊಳೆದುಕೊಂಡಳು.

ವಿಭಾಗದ ಹಿರಿಯ ಮೇಷ್ಟ್ರು ಬಂದವರು ಬಾಗಿಲಲ್ಲೇ ನಿಂತರು.

“ಹೀಗೆ ಜೋಡಿಸು ಅಂತ ಯಾರು ಹೇಳಿದ್ರು?”

“ಯಾರೂ ಇಲ್ಲ ಸಾರ್. ಕಣ್ಣಿಗೆ ಕಂಡ ಹಾಗೆ ಇಟ್ಟೆ. ತಪ್ಪಾಯ್ತಾ?”

“ತಪ್ಪೇನಿಲ್ಲ. ಎಡಗಡೆ ಇರೋದು ಸೋಡಿಯಂ, ಕ್ಯಾಲ್ಸಿಯಂ. ಬಲಗಡೆ ತಾಮ್ರ, ನಿಕ್ಕಲ್, ಕೋಬಾಲ್ಟ್, ಕ್ರೋಮಿಯಂ. ಇವಕ್ಕೆ ಸಂಕ್ರಮಣ ಲೋಹಗಳು ಅಂತಾರೆ. ಬಣ್ಣ ಕೊಡೋದರಲ್ಲಿ ಇವು ಎತ್ತಿದ ಕೈ. ಕುಂಬಾರರು, ಗಾಜಿನ ಕೆಲಸದವರು ಸಾವಿರಾರು ವರ್ಷದಿಂದ ಬಳಸ್ತಾ ಬಂದ್ರು. ಯಾಕೆ ಬಣ್ಣ ಬರುತ್ತೆ ಅನ್ನೋದು ಗೊತ್ತಾಗಿದ್ದು ಮಾತ್ರ ಮೊನ್ನೆ ಮೊನ್ನೆ.”

“ಯಾಕೆ ಬರುತ್ತೆ ಸಾರ್?”

ಮೇಷ್ಟ್ರು ನಕ್ಕು, ಮೊದಲು ಚೀಟಿ ಓದಲು ಕಲಿ ಎಂದರು. ಆಕೆ ಎರಡು ತಿಂಗಳಲ್ಲಿ ಕಲಿತಳು. ಆಮೇಲೆ ಪ್ರಶ್ನೆಗಳಿಗೆ ಲಂಗುಲಗಾಮಿಲ್ಲದಂತಾಯಿತು.

ಹದಿನೈದು ವರ್ಷ ಕಳೆಯಿತು. ಮೇಷ್ಟ್ರು ನಿವೃತ್ತರಾದರು. ಅವರ ಜಾಗಕ್ಕೆ ಬಂದ ಮೇಡಂ ಒಂದು ಬೆಳಿಗ್ಗೆ ಎರಡು ಸೀಸೆಗಳನ್ನು ಮೇಜಿನ ಮೇಲೆ ಕುಕ್ಕಿದರು. ಎರಡರ ಚೀಟಿಯಲ್ಲೂ ಅದೇ ಲೆಕ್ಕ: ಒಂದು ಕೋಬಾಲ್ಟ್, ನಾಲ್ಕು ಅಮೋನಿಯ, ಮೂರು ಕ್ಲೋರಿನ್. ಆದರೆ ಒಂದರೊಳಗಿನ ಪುಡಿ ಹಸಿರು, ಇನ್ನೊಂದರದು ನೇರಳೆ.

“ಯಾವುದೋ ಒಂದಕ್ಕೆ ತಪ್ಪು ಚೀಟಿ ಅಂಟಿಸಿದ್ದೀರಿ. ಎರಡನ್ನೂ ಬಿಸಾಕಿ.”

“ಇಲ್ಲ ಮೇಡಂ, ಈ ಚೀಟಿ ಹಳೇ ಮೇಷ್ಟ್ರು ಕೈಯಾರೆ ಅಂಟಿಸಿದ್ದು. ಒಂದ್ಸಲ ಅವರನ್ನ ಕೇಳ್ಕೊಂಡು ಬರ್ತೀನಿ.”

ಸಂಜೆ ಕೆಲಸ ಮುಗಿಸಿ ಆಕೆ ನೇರವಾಗಿ ಮೇಷ್ಟ್ರ ಮನೆಗೆ ಹೋದಳು. ವಿಷಯ ಕೇಳಿ ಮೇಷ್ಟ್ರು ಅಡುಗೆಮನೆಯಿಂದ ಒಂದು ಆಲೂಗಡ್ಡೆ ತಂದು, ಅದಕ್ಕೆ ಮೇಲೆ, ಕೆಳಗೆ, ನಾಲ್ಕು ದಿಕ್ಕಿಗೆ ಒಂದೊಂದರಂತೆ ಆರು ಬೆಂಕಿಕಡ್ಡಿ ಚುಚ್ಚಿದರು. ನಾಲ್ಕು ಕಡ್ಡಿಗಳ ತಲೆ ಮುರಿದಿದ್ದರು.

“ಆಲೂಗಡ್ಡೆ ಕೋಬಾಲ್ಟ್ ಅಂದ್ಕೋ. ತಲೆ ಇಲ್ಲದ್ದು ಅಮೋನಿಯ, ತಲೆ ಇರೋ ಎರಡು ಕ್ಲೋರಿನ್. ಮೂರನೇ ಕ್ಲೋರಿನ್ ಹೊರಗಡೆ ನಿಂತಿರುತ್ತೆ, ಅದನ್ನ ಬಿಡು. ತಲೆ ಇರೋವು ಎದುರುಬದುರು ಕೂತ್ರೆ ಹಸಿರು, ಅಕ್ಕಪಕ್ಕ ಕೂತ್ರೆ ನೇರಳೆ. ಬೇರೆ ಥರ ಕೂರಿಸೋಕೆ ಆಗುತ್ತಾ ನೋಡು.”

ಆಕೆ ಕಡ್ಡಿ ಕಿತ್ತು ಚುಚ್ಚಿದಳು, ಚುಚ್ಚಿ ಕಿತ್ತಳು. ಹೊಸದು ಸಿಕ್ಕಿತೆಂದುಕೊಂಡಾಗಲೆಲ್ಲ ಆಲೂಗಡ್ಡೆಯನ್ನು ತುಸು ತಿರುಗಿಸಿದರೆ ಹಳೆಯದೇ ಆಗಿಬಿಡುತ್ತಿತ್ತು. ಆಲೂಗಡ್ಡೆ ಜರಡಿಯಾಯಿತು.

“ಎರಡೇ ಸಾರ್. ಮೂರನೇದು ಇಲ್ಲವೇ ಇಲ್ಲ.”

“ನೂರಿಪ್ಪತ್ತು ವರ್ಷದ ಹಿಂದೆ ಒಬ್ಬ ಹೇಳಿದ್ದೂ ಇದನ್ನೇ. ಅಣುವನ್ನ ಕಣ್ಣಲ್ಲಿ ನೋಡೋ ಯಂತ್ರ ಆಗ ಇರಲಿಲ್ಲ. ಎಷ್ಟು ಬಗೆ ಸಿಗುತ್ತೆ ಅಂತ ಎಣಿಸಿ ಎಣಿಸಿಯೇ ಒಳಗಿನ ಆಕಾರ ಹೇಳಿದ. ಕಡ್ಡಿಗಳು ಬೇರೆ ಆಕಾರದಲ್ಲಿ ನಿಂತಿದ್ರೆ ಮೂರು ಬಗೆ ಸಿಗಬೇಕಿತ್ತು. ದೊಡ್ಡದೊಡ್ಡವರು ಬಹಳ ವರ್ಷ ನಂಬಲಿಲ್ಲ.”

ಮರುದಿನ ಆಕೆ ಇನ್ನೊಂದು ಆಲೂಗಡ್ಡೆ ಹಿಡಿದು ಮೇಡಂ ಕೋಣೆಗೆ ಹೋದಳು. ಮೇಡಂ ತಾವೂ ಕಡ್ಡಿ ಕಿತ್ತು ಚುಚ್ಚಿ ನೋಡಿ, “ಪುಸ್ತಕದಲ್ಲಿ ಓದಿದ್ದೆ. ಸೀಸೆಯಲ್ಲಿ ನೋಡಿರಲಿಲ್ಲ. ನಿಮ್ಮ ಮೇಲೆ ತಪ್ಪು ಹೊರಿಸಿದೆ, ಬೇಜಾರು ಮಾಡ್ಕೋಬೇಡಿ” ಎಂದರು. ಆ ವರ್ಷ ಸೀಸೆಗಳ ಜೊತೆ ಆಲೂಗಡ್ಡೆಯೂ ತರಗತಿಗೆ ಹೋಯಿತು.

ಆಮೇಲಿನ ವರ್ಷ ಆಕೆಯ ತಂಗಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ತಂಗಿ ದರ್ಜಿ. ಅಕ್ಕತಂಗಿಯರಿಬ್ಬರೂ ಒಂದೇ ಮನೆಯಲ್ಲಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು, ಇದು ಪ್ಲಾಟಿನಂ ಇರುವ ಔಷಧಿ, ಜೊತೆಗೆ ಎರಡು ಅಮೋನಿಯ, ಎರಡು ಕ್ಲೋರಿನ್ ಇರುತ್ತವೆ ಎಂದು ವಿವರಿಸಿದರು. ಆಕೆಗೆ ತಡೆಯಲಾಗಲಿಲ್ಲ.

“ಡಾಕ್ಟ್ರೇ, ಕ್ಲೋರಿನ್ ಎರಡೂ ಅಕ್ಕಪಕ್ಕ ಇದಾವಾ, ಎದುರುಬದುರಾ?”

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. “ಅಕ್ಕಪಕ್ಕ. ಎದುರುಬದುರಾಗಿದ್ರೆ ಔಷಧಿಯಾಗಿ ಕೆಲಸಕ್ಕೆ ಬರಲ್ಲ. ನೀವು ಏನು ಕೆಲಸ ಮಾಡ್ತೀರಿ?”

“ಕಾಲೇಜಲ್ಲಿ ಸೀಸೆ ತೊಳೀತೀನಿ.”

ಮಂಚದ ಮೇಲಿದ್ದ ತಂಗಿ ಕಣ್ಣು ಮುಚ್ಚಿಕೊಂಡೇ, “ಕೂತ ಜಾಗ ಸರಿ ಇದೆಯಾ ಅಂತ ನೋಡಿದ್ದಾಯ್ತಲ್ಲ, ಇನ್ನಾದ್ರೂ ಅವರನ್ನ ಬಿಡೇ” ಎಂದಳು.

ಡಾಕ್ಟರು ಬಿಡುವಾದಾಗ ತಾವೇ ಬಂದು ಇನ್ನಷ್ಟು ಹೇಳಿದರು. ಈ ವಸ್ತುವನ್ನು ತಯಾರಿಸಿ ನೂರಕ್ಕೂ ಹೆಚ್ಚು ವರ್ಷ ಯಾರೂ ಅದರ ಉಪಯೋಗ ಅರಿಯದೆ ಸುಮ್ಮನೆ ಇಟ್ಟಿದ್ದರಂತೆ. ವಿದ್ಯುತ್ ಹರಿಸಿದರೆ ಸೂಕ್ಷ್ಮಜೀವಿಗಳಿಗೆ ಏನಾಗುತ್ತದೆಂದು ಯಾರೋ ಪರೀಕ್ಷಿಸುತ್ತಿದ್ದಾಗ ಅವು ಒಡೆದು ಎರಡಾಗುವುದನ್ನೇ ನಿಲ್ಲಿಸಿದವಂತೆ. ಕಾರಣ ವಿದ್ಯುತ್ತಲ್ಲ, ತಂತಿಯ ತುದಿಯಿಂದ ಕರಗಿದ ಪ್ಲಾಟಿನಂ.

“ಅವರು ಹುಡುಕಿದ್ದೊಂದು, ಸಿಕ್ಕಿದ್ದೊಂದು,” ಎಂದಳು ಸೀಸೆಯಕ್ಕ. ಎದೆಯೊಳಗಿನ ಹೆದರಿಕೆ ಹೋಗಲಿಲ್ಲ. ಆದರೆ ತೊಟ್ಟಿಕ್ಕುವ ಔಷಧಿಯನ್ನು ನೋಡುತ್ತಾ ಕೂರಲು ಧೈರ್ಯ ಬಂತು.

ತಂಗಿ ವಾಂತಿಯಿಂದ ಹಣ್ಣಾದಳು, ಸೊರಗಿದಳು, ಆರು ತಿಂಗಳಲ್ಲಿ ಚೇತರಿಸಿಕೊಂಡಳು. ಗಡ್ಡೆ ಕರಗಿತ್ತು. ಕಿವಿ ಮಾತ್ರ ಸ್ವಲ್ಪ ಮಂದವಾಯಿತು. ಸಣ್ಣ, ಚೂಪು ದನಿಗಳು ಕೇಳುತ್ತಿರಲಿಲ್ಲ. ಔಷಧಿಯಿಂದ ಹಾಗಾಗುವುದುಂಟು ಎಂದರು ಡಾಕ್ಟರು. ಅದು ಕಿವಿಗೇ ಏಕೆ ಹೋಗಿ ಕೂರುತ್ತದೆ ಎಂದು ಸೀಸೆಯಕ್ಕ ಕೇಳಿದಳು. ಪೂರ್ತಿಯಾಗಿ ಇನ್ನೂ ಗೊತ್ತಿಲ್ಲ ಎಂಬ ಉತ್ತರ ಬಂತು. ಆಕೆ ಅದನ್ನು ಉತ್ತರ ಸಿಗದ ಪ್ರಶ್ನೆಗಳನ್ನು ಬರೆದಿಡುವ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಈಗ ತಂಗಿ ಮತ್ತೆ ಹೊಲಿಯುತ್ತಾಳೆ. ನಡುನಡುವೆ ಪೆಡಲು ನಿಲ್ಲಿಸಿ, “ಅಕ್ಕಾ, ಮಿಷನ್ನು ಕಿರ್ ಅಂತಿದೆಯಾ?” ಎಂದು ಕೇಳುತ್ತಾಳೆ. ಹೌದೆಂದರೆ ಎಣ್ಣೆ ಬಿಡುತ್ತಾಳೆ.