ಕಪಿತಾನನ ಮುಖ ಮಡಚಿದವಳು

ಫಿಲಿಪ್ಪೀನ್ಸಿನ ನಮ್ಮ ಇಲೋಯಿಲೋ ಕಡಲ ದಂಡೆಯಲ್ಲಿ ಜ್ವರದ ಮಾತ್ರೆಗೂ ಪಕ್ಷವಿದೆ. ಆರೋಗ್ಯ ಕಾರ್ಯಕರ್ತೆ ಎಸ್ತೆಲಿತಾಳನ್ನು ನೇಮಿಸಿದವನು ವಾರ್ಡಿನ ಮುಖ್ಯಸ್ಥ, ಕಪಿತಾನ್ ಬಾಲ್ದೊಮೆರೊ. ಹಾಗಾಗಿ ಆಕೆ ಏನು ಕೊಟ್ಟರೂ ಎದುರು ಪಕ್ಷದವರು ಮೂಸಿ ನೋಡುತ್ತಿದ್ದರು. ಹದಿನಾರು ವರ್ಷ ಅದನ್ನು ನಗುತ್ತಲೇ ಸಹಿಸಿದಳು. ಅನ್ನಕ್ಕಿಡುವಾಗ ಒಂದು ಪಕ್ಷದ ರೇಡಿಯೊ, ಒಣಮೀನು ಹುರಿಯುವಾಗ ಇನ್ನೊಂದರದು, ಎರಡನ್ನೂ ಕೇಳಿಯೇ ಮನೆ ಬಿಡುತ್ತಿದ್ದಳು.

"ಯಾವ ಮನೇಲಿ ಏನಂತ ಬೈಸ್ಕೋಬೇಕು ಅಂತ ಮೊದ್ಲೇ ಗೊತ್ತಿದ್ರೆ ಒಳ್ಳೇದಲ್ವಾ?" ಎನ್ನುತ್ತಿದ್ದಳು. ಆಕೆಯ ಮನೆ ಪಕ್ಕದ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು ನಾನೂ ಆಕೆಯನ್ನು ಎಷ್ಟೋ ಸಲ ರೇಗಿಸಿದ್ದೇನೆ. ಈಗ ನಾಚಿಕೆಯಾಗುತ್ತದೆ.

ಹೋದ ವರ್ಷ ದಡಾರ ಬಂತು. ಹಿಂದಿನ ಬೀದಿಯಲ್ಲಿ ಒಂದು ಹೆಣ್ಣುಮಗು ತೀರಿಕೊಂಡಿತು. ಲಸಿಕೆ ಹಾಕಲು ನಮ್ಮ ಬೀದಿಯಲ್ಲಿ ಡೇರೆ ಎದ್ದಿತು. ನಮ್ಮೆದುರಿನ ಕಿರಾಣಿ ಅಂಗಡಿಯ ಪುರಿಂಗ್‌ಳನ್ನು ಇಡೀ ಬೀದಿ ಲೋಲಾ, ಅಂದರೆ ಅಜ್ಜಿ, ಎಂದು ಕರೆಯುತ್ತಿತ್ತು. ಆಕೆ ತನ್ನ ಒಂಬತ್ತು ತಿಂಗಳ ಮೊಮ್ಮಗ ಜೆಪೊಯ್‌ಗೆ ಲಸಿಕೆ ಬೇಡವೆಂದು ಹಟ ಹಿಡಿದಳು. ಮಗುವಿನ ತಾಯಿ ಮನಿಲಾದಲ್ಲಿ ಕೆಲಸಕ್ಕಿದ್ದಳು.

"ಕಪಿತಾನ್ ದುಡ್ಡು ತಿಂದು ನಮ್ಮ ಕಡೆ ಮಕ್ಕಳ ಮೇಲೆ ಪ್ರಯೋಗ ಮಾಡಿಸ್ತಿದಾನಂತೆ. ರೇಡಿಯೊದಲ್ಲಿ ದಿನಾ ಹೇಳ್ತಾರೆ."

"ಲೋಲಾ, ನನ್ನ ಮಕ್ಕಳಿಗೂ ಇದನ್ನೇ ಹಾಕ್ಸಿದೀನಿ."

"ನೀನು ಅವನ ಕಡೆಯವಳು, ನಿಮಗೆ ಬೇರೆ ಡಬ್ಬಿ ಇರತ್ತೆ. ಆ ಡೇರೆ ಮೇಲೆ ಅವನ ಮುಸುಡಿ ಇರೋವರೆಗೂ ನಾನು ಕಾಲಿಡಲ್ಲ ಹೋಗೇ!"

ಡೇರೆಗೆ ಅಡ್ಡಲಾಗಿ ಹಲ್ಲು ಕಿರಿಯುವ ಕಪಿತಾನನ ಬ್ಯಾನರ್ ಇದ್ದದ್ದು ನಿಜ. ಲಸಿಕೆ ಸರ್ಕಾರದ್ದು, ಮುಖ ಮಾತ್ರ ಅವನದು! ಎಸ್ತೆಲಿತಾ ಹೋಗಿ, ಹಗ್ಗ ಬಿಚ್ಚಿ, ಬ್ಯಾನರನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಗೆ ಹಾಕಿಕೊಂಡು ಅದರ ಮೇಲೇ ಕೂತಳು. ಬೀದಿಗೆ ಬೀದಿಯೇ ನಕ್ಕಿತು. ಲೋಲಾ ಮಗುವನ್ನೆತ್ತಿಕೊಂಡು ಬಂದು, ನರ್ಸಿನ ಡಬ್ಬಿಯ ಮೇಲೆ ಕಣ್ಣಿಟ್ಟು ನಿಂತು ಚುಚ್ಚಿಸಿದಳು. ಆಕೆಯ ಹಿಂದೆ ಹನ್ನೊಂದು ಮನೆಯವರು ಬಂದರು.

ಆ ವಾರವೇ ಕಪಿತಾನ್ ಎಸ್ತೆಲಿತಾಳನ್ನು ಕೆಲಸದಿಂದ ತೆಗೆದ. ಮರುದಿನ ಎದುರು ಪಕ್ಷದ ರೇಡಿಯೊ ಆಕೆಯನ್ನು ಅಟ್ಟಕ್ಕೇರಿಸಿತು: ಕಪಿತಾನನ ವಿಷವನ್ನು ಎಸೆದು, ಒಳ್ಳೆಯ ಔಷಧಿ ತಂದು ಮಕ್ಕಳನ್ನು ಉಳಿಸಿದ ಮಹಾತಾಯಿ! ಜನ ಮೀನು, ಬಾಳೆಗೊನೆ ಕಳಿಸಿದರು. ನಾನಾಗಿದ್ದರೆ ಸುಮ್ಮನೆ ತಿಂದುಕೊಂಡಿರುತ್ತಿದ್ದೆ. ಆದರೆ ಜೆಪೊಯ್‌ಗೆ ಮೂರು ತಿಂಗಳ ಮೇಲೆ ಎರಡನೇ ಡೋಸ್ ಆಗಬೇಕಿತ್ತು. ಡೇರೆಗೆ ಆಗಲೇ ಹೊಸ ಬ್ಯಾನರ್ ಏರಿತ್ತು. ಈ ಸುಳ್ಳನ್ನು ಹಾಗೇ ಬಿಟ್ಟರೆ ಲೋಲಾ ಮತ್ತೆ ಅಲ್ಲಿಗೆ ಬರುವುದಿಲ್ಲವೆಂದು ಎಸ್ತೆಲಿತಾಳಿಗೆ ಗೊತ್ತಿತ್ತು. ನೇರ ಕಿರಾಣಿ ಅಂಗಡಿಗೆ ಹೋದಳು.

"ಲೋಲಾ, ರೇಡಿಯೊದವರು ಹೇಳ್ತಿರೋದು ಸುಳ್ಳು. ನಾನು ಔಷಧಿ ಬದಲಾಯಿಸಿಲ್ಲ. ಅದೇ ಡಬ್ಬಿ, ಅದೇ ನರ್ಸು. ಮುಖ ಒಂದು ತೆಗೆದೆ, ಅಷ್ಟೇ."

"ಹಾಗಾದ್ರೆ ನಂಗೆ ಮೋಸ ಮಾಡಿದ್ಯಾ?"

"ಬ್ಯಾನರ್ ಇದ್ರೆ ಬರಲ್ಲ ಅಂದ್ರಿ, ತೆಗೆದೆ. ಮಗು ಚೆನ್ನಾಗಿದೆ ತಾನೇ?"

ಲೋಲಾ ರೇಡಿಯೊ ಜೋರು ಮಾಡಿ ಒಳಗೆ ಹೋದಳು. ಅಂದಿನಿಂದ ಮೀನೂ ಬರಲಿಲ್ಲ, ಮಾತೂ ಬರಲಿಲ್ಲ. ಎರಡೂ ಪಕ್ಷದವರಿಗೆ ಬೇಡವಾದ ಆ ಹೆಂಗಸನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತಿತ್ತು.

ಎರಡನೇ ಡೋಸಿನ ದಿನ ಬೆಳಿಗ್ಗೆ ಲೋಲಾ ಮೊಮ್ಮಗನನ್ನು ಸೊಂಟಕ್ಕೇರಿಸಿಕೊಂಡು ಎಸ್ತೆಲಿತಾಳ ಬಾಗಿಲಲ್ಲಿ ನಿಂತಿದ್ದಳು.

"ಕಪಿತಾನ್ ಕಳ್ಳನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವತ್ತು ಡಬ್ಬಿ ಯಾರೂ ಬದಲಾಯಿಸ್ಲಿಲ್ಲ, ಅಲ್ಲೇ ಇತ್ತು, ನಾನೇ ಕಣ್ಣಾರೆ ನೋಡಿದೀನಿ. ನಿನ್ನ ವಿಷಯದಲ್ಲಿ ರೇಡಿಯೊ ಸುಳ್ಳು ಹೇಳ್ತು. ಅದು ಇನ್ನೇನೇನು ಸುಳ್ಳು ಹೇಳಿದ್ಯೋ, ಯಾರಿಗೆ ಗೊತ್ತು! ಬಾ, ಮಗೂನ ನೀನೇ ಹಿಡ್ಕೋ. ನಾನು ಡಬ್ಬಿ ನೋಡ್ಕೋತೀನಿ."

ಎಸ್ತೆಲಿತಾ ಒಲೆ ಆರಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ನಾನು ಅಂಗಡಿ ಮುಚ್ಚಿ ಅವರ ಹಿಂದೆ ನಡೆದೆ.