ಸದ್ದು ಮಾಡದ ಪ್ಯಾನೆಲ್

ಕೆ.ಆರ್. ನಗರದ ಹೊರಗಿನ ಆ ಅಕ್ಕಿ ಗಿರಣಿಗೆ ಹೊಸ ಪ್ಯಾನೆಲ್ ಬಂದಾಗಿನಿಂದ ಎಲೆಕ್ಟ್ರೀಷಿಯನ್ ಪುಟ್ಟಮಲ್ಲಪ್ಪನವರಿಗೆ ಒಳಗೊಳಗೇ ಹೆದರಿಕೆ. ಹೊರಗೆ ಮಾತ್ರ ಎದೆ ಸೆಟೆಸಿಕೊಂಡೇ ಓಡಾಡುತ್ತಿದ್ದರು. ಕರೆಂಟಿನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವರು ಒಂದು ಕಬ್ಬಿಣದ ಪೆಟ್ಟಿಗೆಗೆ ಹೆದರುತ್ತಾರೆಂದರೆ ಹಮಾಲರು ಸುಮ್ಮನೆ ಬಿಡುತ್ತಾರೆಯೇ?

ಹಳೆಯ ಪ್ಯಾನೆಲ್ ಮಾತುಗಾರ. ದೊಡ್ಡ ಮೋಟಾರು ಓಡಿ ವೋಲ್ಟೇಜ್ ಕುಸಿದಾಗ ಅದನ್ನು ಎತ್ತಿಹಿಡಿಯಲು ಕೆಪಾಸಿಟರ್‌ಗಳು ಟಕ್ ಟಕ್ ಎಂದು ಸೇರಿಕೊಳ್ಳುತ್ತಿದ್ದವು. ಮೋಟಾರು ನಿಂತರೆ ಹಾಗೇ ಸದ್ದು ಮಾಡಿ ಬಿಟ್ಟುಕೊಳ್ಳುತ್ತಿದ್ದವು. ಆ ಸದ್ದು ಕೇಳಿ, ತುಸು ತಡೆದು ಅವರು ಒಳಗೆ ಕೈ ಹಾಕುತ್ತಿದ್ದರು. ಹೊಸದರಲ್ಲಿ ಆ ಕೆಲಸ ಎಲೆಕ್ಟ್ರಾನಿಕ್ ಸ್ವಿಚ್ಚುಗಳಾದ ಥೈರಿಸ್ಟರ್‌ಗಳದು. ಕಣ್ಣು ಮಿಟುಕಿಸುವಷ್ಟರಲ್ಲಿ ಸೇರಿಸುತ್ತವೆ, ಬಿಡಿಸುತ್ತವೆ. ಬಲ್ಬು ಮಂಕಾಗುವುದೇ ಇಲ್ಲ, ಸದ್ದೂ ಇಲ್ಲ. ಅವು ಬಿಡಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟು ಉಳಿದೇ ಇರುತ್ತದೆ, ಮೇನ್ ಸ್ವಿಚ್ ಆಫ್ ಮಾಡಿ ಕಾಯದೆ ಮುಟ್ಟಬೇಡಿ ಎಂದು ಕೂರಿಸಿ ಹೋದವರು ಹೇಳಿದ್ದರು.

ಗಿರಣಿಯಲ್ಲಿ ಒಂದು ಪದ್ಧತಿಯಿತ್ತು. ರಿಪೇರಿಗೆ ನಿಂತವರು ತೆಗೆದ ಸ್ವಿಚ್ಚಿನ ಹಿಡಿಗೆ ತಮ್ಮ ಟವೆಲ್ ಕಟ್ಟಬೇಕು. ಆ ಸ್ವಿಚ್ಚನ್ನು ಆಮೇಲೆ ಯಜಮಾನರೂ ಮುಟ್ಟುವಂತಿಲ್ಲ.

ಆ ಮಧ್ಯಾಹ್ನ ಪ್ಯಾನೆಲ್ಲಿನೊಳಗೆ ಕೂತಿದ್ದ ಹೊಟ್ಟಿನ ಧೂಳು ತೆಗೆಯಬೇಕಿತ್ತು. ಐಟಿಐ ಮುಗಿಸಿ ಅಪ್ಪನ ಜೊತೆಗೇ ಕೆಲಸಕ್ಕಿದ್ದ ಮಗಳು ಕಾವ್ಯಶ್ರೀ ಬ್ರಷ್ಷು ಹಿಡಿದು ಅದರ ಬಾಗಿಲು ತೆರೆದಳು. ಪುಟ್ಟಮಲ್ಲಪ್ಪನವರು ಆಚೆ ತುದಿಯಲ್ಲಿ ಮೋಟಾರು ನಿಲ್ಲಿಸಿ, ಹಳೆಯ ಅಭ್ಯಾಸದಂತೆ ಅದರ ಸ್ವಿಚ್ಚಿಗೇ ಟವೆಲ್ ಕಟ್ಟಿ, ಅಲ್ಲಿಂದಲೇ ಕೂಗಿದರು.

"ಬುಟ್ಕಂಡವೆ ಕಣವ್ವ, ಕೈ ಆಕು."

ಹೇಳಿದ ಮೇಲೆ ಹೊಳೆಯಿತು, ತಾವು ಯಾವ ಸದ್ದನ್ನೂ ಕೇಳಿರಲಿಲ್ಲ. ಪ್ಯಾನೆಲ್ಲಿನ ಮೇನ್ ತೆಗೆದೇ ಇರಲಿಲ್ಲ.

ಬೇಡ ಎಂದು ಕೂಗಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಭತ್ತದ ಮೂಟೆಗಳನ್ನು ಎಡವಿಕೊಂಡು ಓಡಿದರು. ಮೂಟೆಗಳ ಮರೆಯಲ್ಲಿ ಮಗಳು ಕಾಣಲಿಲ್ಲ. ಬಿದ್ದಿದ್ದಾಳೆ, ನಾನೇ ಕೊಂದೆ ಎಂದುಕೊಂಡೇ ತಿರುವು ದಾಟಿದರು.

ಕಾವ್ಯಶ್ರೀ ನಿಂತಿದ್ದಳು. ಬ್ರಷ್ಷು ಇನ್ನೂ ಹೊರಗೇ ಇತ್ತು. ಅವಳು ಮೇನ್ ಸ್ವಿಚ್ಚಿನ ಹಿಡಿಯನ್ನು ನೋಡುತ್ತಿದ್ದಳು.

"ಇಲ್ಲಿ ಟವಲು ಇಲ್ವಲ್ಲಪ್ಪ, ಅದ್ಕೇ ನಿಂತ್ಕಂಡೆ."

ಅವರು ಮೇನ್ ತೆಗೆದರು. ಮೋಟಾರಿನ ಸ್ವಿಚ್ಚಿನಿಂದ ಟವೆಲ್ ಬಿಚ್ಚಿ ತಂದು ಅಲ್ಲಿ ಕಟ್ಟಲು ಹೋದರೆ ಗಂಟು ಕೂರಲಿಲ್ಲ. ಮಗಳೇ ಕಟ್ಟಿದಳು.

"ಇನ್ಮೇಲೆ ನಾನೇ ಏಳಿದ್ರೂ ಕೈ ಆಕ್ಬ್ಯಾಡ ಕಣವ್ವ" ಎಂದರು.

ಕೆಪಾಸಿಟರ್‌ನ ಕರೆಂಟು ಇಳಿಯುವ ತನಕ ಇಬ್ಬರೂ ಅಲ್ಲೇ ಕಾದರು. ಅವರು ಮಗಳ ಕೈ ಹಿಡಿದುಕೊಂಡಿದ್ದರು. ಆಮೇಲೆ ಕಾವ್ಯಶ್ರೀ, ಇನ್ನು ಧೂಳು ತೆಗೆಯಬಹುದು ಎಂದಳು. ಪುಟ್ಟಮಲ್ಲಪ್ಪನವರು ಮಾತ್ರ ಹಿಡಿದಿದ್ದ ಅವಳ ಕೈಯನ್ನು ಬಿಡಲಿಲ್ಲ.